ಮೊದಲು ಚೆನ್ನಾಗಿರುವ ಜಾಗ ಉಳಿಸಿ: ಗಿರಿಸಾಲಿನ ಕಳೆ ತೆಗೆಯಲು ದ್ವೀಪಗಳ ಪಾಠ

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು, ಹೋಂಸ್ಟೇ ನಡೆಸುವವರು ಮತ್ತು ಚಾರಣಿಗರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಸಸ್ಯಗಳ ಲೆಕ್ಕದಲ್ಲಿ ನಮ್ಮ ಚಂದ್ರದ್ರೋಣ ಸಾಲು ಒಂದು ದ್ವೀಪ. ಮುಳ್ಳಯ್ಯನಗಿರಿಯ 1930 ಮೀಟರ್ ಎತ್ತರದ ತುದಿಯಿಂದ ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿಗಳ ಕಡೆಗೆ ಹೋಗುವ ಏಣುಗಳ ಮೇಲೆ ಹುಲ್ಲು, ಮಡಿಕೆಗಳಲ್ಲಿ ಶೋಲಾ ಎಂಬ ದಟ್ಟ ನಿತ್ಯಹಸಿರು ಕಾಡು. ಅದರ ಕೆಳಗೆ ಕಾಫಿ ತೋಟ, ಇನ್ನೂ ಕೆಳಗೆ ಬಿಸಿ ಬಯಲು. ತುದಿಯಲ್ಲಿ ಬೆಳೆಯುವ ಕುರಿಂಜಿಗೋ ನೆಲದ ಆರ್ಕಿಡ್‌ಗೋ ಆ ಬಯಲು ದಾಟಿ ಇನ್ನೊಂದು ಬೆಟ್ಟಸಾಲು ಸೇರುವುದು ಸಮುದ್ರ ದಾಟುವಷ್ಟೇ ಕಷ್ಟ. ಇಲ್ಲಿ ಅಳಿದರೆ ಪಕ್ಕದ ಊರಿನಿಂದ ಬೀಜ ಬಂದು ಬೀಳುವುದಿಲ್ಲ. ಆದ್ದರಿಂದ ನಿಜವಾದ ದ್ವೀಪಗಳಲ್ಲಿ ಕಳೆಗಳ ಜೊತೆ ದಶಕಗಳಿಂದ ಗುದ್ದಾಡುತ್ತಿರುವವರು ಕಂಡುಕೊಂಡದ್ದು ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಗಲಾಪಗೋಸ್ ದ್ವೀಪಸಮೂಹದ ಸಾಂಟಾ ಕ್ರೂಝ್‌ನಿಂದ ಶುರುಮಾಡೋಣ. ಅಲ್ಲಿನ ತೇವದ ಎತ್ತರದಲ್ಲಿ ಸ್ಕೇಲೇಸಿಯಾ ಎಂಬ ಮರದ ಕಾಡಿದೆ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು, ಆದರೂ ಹತ್ತು ಮೀಟರ್ ದಾಟಿ ಬೆಳೆಯುತ್ತದೆ. ಒಂದೇ ವಯಸ್ಸಿನ ಮರಗಳು ಗುಂಪಾಗಿ ಒಣಗಿ ಬೀಳುತ್ತವೆ, ತೆರೆದುಕೊಂಡ ಬೆಳಕಿಗೆ ಹೊಸ ಸಸಿಗಳು ಏಳುತ್ತವೆ. ಈಗ ಆ ಬೆಳಕನ್ನು ಒಂದು ಮುಳ್ಳುಪೊದೆ ಕಸಿದುಕೊಳ್ಳುತ್ತಿದೆ. ಅದು ರೂಬಸ್ ನಿವಿಯಸ್, ಭಾರತದ ಬೆಟ್ಟಗಳ ಹಣ್ಣಿನ ಗಿಡ. ಹೊರದೇಶಗಳಲ್ಲಿ ಮೈಸೂರು ರಾಸ್ಪ್‌ಬೆರಿ ಎಂದೇ ಪರಿಚಿತ. ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ, ಮಣ್ಣಿನಲ್ಲಿ ಬೀಜ ರಾಶಿರಾಶಿಯಾಗಿ ಕೂಡಿಕೊಳ್ಳುತ್ತದೆ. ಹಾಗೆಯೇ ನಮ್ಮ ಮಾಧವಿ ಲತೆ ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳ ಕಾಡಿನ ಮೇಲೆ ಹೊದಿಕೆಯಂತೆ ಹಬ್ಬಿ ಮರಗಳನ್ನು ಉಸಿರುಗಟ್ಟಿಸುತ್ತಿದೆ. ಮೂರು ರೆಕ್ಕೆಯ ಅದರ ಕಾಯಿ ಗಾಳಿಯಲ್ಲಿ ದೂರ ಹಾರುತ್ತದೆ. ತವರಿನಲ್ಲಿ ಈ ಗಿಡಗಳ ಎಲೆ ತಿನ್ನುವ ಹುಳು, ಕಾಂಡ ಕೊರೆಯುವ ಕೀಟ, ರೋಗ ತರುವ ಶಿಲೀಂಧ್ರ ಎಲ್ಲವೂ ಇವೆ. ಅವನ್ನೆಲ್ಲ ಹಿಂದೆ ಬಿಟ್ಟು ಹೋದ ಗಿಡ ಹೊಸ ನೆಲದಲ್ಲಿ ಮಿತಿಮೀರುತ್ತದೆ. ಅಮೆರಿಕದ ಉಷ್ಣವಲಯದಿಂದ ಬಂದ ಲಂಟಾನ ಇಲ್ಲಿ ಮಾಡುತ್ತಿರುವುದೂ ಅದನ್ನೇ.

ಗಲಾಪಗೋಸ್‌ನಲ್ಲಿ ಕಳೆ ಸಸ್ಯಗಳನ್ನು ಬೇರುಸಹಿತ ನಿರ್ಮೂಲ ಮಾಡುವ ಮೂವತ್ತು ಯೋಜನೆಗಳನ್ನು 2010ರಲ್ಲಿ ಪರಾಮರ್ಶಿಸಿದಾಗ ಗೆದ್ದದ್ದು ನಾಲ್ಕೇ ಎಂದು ಕಂಡುಬಂತು. ಆ ನಾಲ್ಕೂ ಅತಿ ಚಿಕ್ಕ ಜಾಗದಲ್ಲಿದ್ದವು. ಎಲ್ಲ ಕಡೆ ಹರಡಿದ ಮೇಲೆ ಒಂದು ಕಳೆಯನ್ನು ಇಡೀ ಬೆಟ್ಟದಿಂದ ಅಳಿಸುತ್ತೇವೆ ಎಂದು ಹೊರಡುವುದು ಹಣ, ಶ್ರಮ ಎರಡಕ್ಕೂ ಕುತ್ತು. ಹರಡಿದ್ದನ್ನು ಆಯ್ದ ಜಾಗಗಳಿಂದ ಹೊರಗಿಡಬಹುದು. ಹೊಸದಾಗಿ ಕಾಲಿಟ್ಟದ್ದನ್ನು ಮಾತ್ರ ಪೂರ್ತಿ ತೆಗೆಯಬಹುದು, ಅದೂ ತಕ್ಷಣ ಕೈ ಹಾಕಿದರೆ.

ಸೇಂಟ್ ಹೆಲೆನಾ ದ್ವೀಪದ ಕಥೆ ಇನ್ನೊಂದು ಬಗೆಯದು. ಅಲ್ಲಿ ನಾರಿಗಾಗಿ ನ್ಯೂಜಿಲೆಂಡಿನ ಫ್ಲ್ಯಾಕ್ಸ್ ಎಂಬ ಗಿಡ ಬೆಳೆಸಿದರು. 1960ರ ದಶಕದಲ್ಲಿ ಕೃತಕ ನಾರು ಬಂದು ಆ ಉದ್ದಿಮೆ ಮುಚ್ಚಿತು, ಗಿಡ ಮಾತ್ರ ಉಳಿದು ಮೋಡ ಮುಸುಕುವ ಶಿಖರಗಳನ್ನು ಆವರಿಸಿಕೊಂಡಿತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮರಜರಿಗಳು, ಕ್ಯಾಬೇಜ್ ಮರಗಳು ಆ ಏಣುಗಳ ಮೇಲೆ ಸಣ್ಣ ಸಣ್ಣ ತುಂಡುಗಳಲ್ಲಿ ಬದುಕಿವೆ. ಫ್ಲ್ಯಾಕ್ಸನ್ನು ಒಂದೇ ಸಲ ಬೋಳಿಸಿದರೆ ಕಡಿದಾದ ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ, ತೆರೆದ ಜಾಗಕ್ಕೆ ಬೇರೆ ಕಳೆ ನುಗ್ಗುತ್ತದೆ. ಅದಕ್ಕೇ ಅಲ್ಲಿ ಸ್ವಲ್ಪ ಸ್ವಲ್ಪವೇ ಕಡಿದು, ಹಿಂದೆಯೇ ದ್ವೀಪದ ಸಸಿಗಳನ್ನು ನೆಟ್ಟುಕೊಂಡು ಹೋಗುತ್ತಾರೆ. ಅಷ್ಟಾದರೂ ತಡವಾದದ್ದು ತಡವೇ: ಸೇಂಟ್ ಹೆಲೆನಾ ಆಲಿವ್ ಎಂಬ ಮರ 2003ರಲ್ಲಿ ಭೂಮಿಯಿಂದಲೇ ಅಳಿಯಿತು.

ಒಳ್ಳೆಯ ಉದಾಹರಣೆಯೂ ಇದೆ. ಮಾರಿಷಸ್‌ನ ಪಕ್ಕದ ಇಲ್ ಒ ಏಗ್ರೆತ್ ಕೇವಲ 26 ಹೆಕ್ಟೇರ್, ಅಂದರೆ ಸುಮಾರು 64 ಎಕರೆ. ಇಲಿಗಳನ್ನು ತೆಗೆದು, ಕಳೆ ಕಿತ್ತು, ಸ್ಥಳೀಯ ಸಸಿ ನೆಟ್ಟು ಅಲ್ಲಿ ಎಬೊನಿ ಕಾಡನ್ನು ಮತ್ತೆ ನಿಲ್ಲಿಸಿದ್ದಾರೆ. ಎಬೊನಿಯ ಹಣ್ಣು ತಿಂದು ಬೀಜ ಹರಡುತ್ತಿದ್ದ ಆಮೆಗಳು ಎಂದೋ ಅಳಿದಿದ್ದವು, ಅವುಗಳ ಕೆಲಸಕ್ಕೆ ಆಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳನ್ನು ತಂದು ಬಿಟ್ಟರು. ಅಲ್ಲಿ ಕಿತ್ತ ಕಳೆಗಳಲ್ಲಿ ನಮ್ಮಲ್ಲೂ ಇರುವ ಸುಬಾಬುಲ್ ಕೂಡ ಇತ್ತು, ಮೇವಿಗೆಂದು ನಾವು ಬೇಲಿಗುಂಟ ನೆಟ್ಟ ಅದೇ ಮರ.

ಈ ಎಲ್ಲದರಿಂದ ನಾವು ಹಿಡಿಯಬೇಕಾದ ಎಳೆ ಒಂದೇ. ಕಳೆ ತೆಗೆಯುವ ವೇಗವನ್ನು ಕತ್ತಿ ನಿರ್ಧರಿಸಬಾರದು, ಆ ಜಾಗವನ್ನು ಸ್ಥಳೀಯ ಸಸ್ಯ ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂಬುದು ನಿರ್ಧರಿಸಬೇಕು. ಸಿಡ್ನಿಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಸೋದರಿಯರು 1960ರ ದಶಕದಿಂದ ಇದನ್ನೇ ಮಾಡಿ ತೋರಿಸಿದರು. ಕಳೆ ಅತಿ ಕಡಿಮೆ ಇರುವ, ಸ್ಥಳೀಯ ಸಸ್ಯ ಗಟ್ಟಿಯಾಗಿರುವ ಜಾಗದಲ್ಲಿ ಶುರುಮಾಡಿ ಹೊರಗಡೆಗೆ ಹೋಗಬೇಕು. ಮಣ್ಣನ್ನು ಆದಷ್ಟು ಕದಡಬಾರದು. ನಮ್ಮಲ್ಲಿ ನಡೆಯುವುದು ಇದಕ್ಕೆ ತಲೆಕೆಳಗು. ರಸ್ತೆ ಬದಿಯಲ್ಲಿ ಕಣ್ಣಿಗೆ ರಾಚುವ, ಆಳೆತ್ತರದ ಲಂಟಾನದ ಮೆಳೆಗೆ ಜೆಸಿಬಿ ನುಗ್ಗಿಸುತ್ತೇವೆ, ಫೋಟೊ ಚೆನ್ನಾಗಿ ಬರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಯುಪಟೋರಿಯಂ ಎಂಬ ಇನ್ನೊಂದು ಕಳೆ ನಿಂತಿರುತ್ತದೆ. ಅಷ್ಟರಲ್ಲಿ ಮೇಲಿನ ಹುಲ್ಲುಗಾವಲಿನಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಲಂಟಾನದ ಬುಡಗಳು ಪೊದೆಗಳಾಗಿರುತ್ತವೆ.

ಆದ್ದರಿಂದ ಮೊದಲ ಕೆಲಸ ನಕ್ಷೆ. ಜಾಗವನ್ನು 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕಗಳಾಗಿ, ಅಂದರೆ ಸುಮಾರು ನಾಲ್ಕು ನಾಲ್ಕು ಗುಂಟೆಯಾಗಿ ಭಾಗ ಮಾಡಿಕೊಳ್ಳಿ. ಪ್ರತಿ ಚೌಕಕ್ಕೂ ಮೂರರಲ್ಲಿ ಒಂದು ಗುರುತು: ಬಿಡಿ ಗಿಡಗಳು ಮಾತ್ರ ಇವೆ, ತೇಪೆಗಳಾಗಿವೆ, ಪೂರ್ತಿ ಮುಚ್ಚಿದೆ. ಬಿಡಿ ಗಿಡಗಳ ಚೌಕಗಳಿಗೆ ಮೊದಲ ಸರದಿ. ತೇಪೆಯವನ್ನು ಅಂಚಿನಿಂದ ಒಳಕ್ಕೆ ಕಿರಿದು ಮಾಡುತ್ತ ಹೋಗಿ. ಪೂರ್ತಿ ಮುಚ್ಚಿದ್ದು ಕೊನೆಗೆ ಇರಲಿ. ಅರಣ್ಯ ಇಲಾಖೆಯ ನೆಲವಾದರೆ ಲಿಖಿತ ಅನುಮತಿಯಿಲ್ಲದೆ ಒಂದು ಗಿಡವನ್ನೂ ಮುಟ್ಟಬೇಡಿ, ಕಳೆಯಾದರೂ ಸರಿ.

ಈಗ ಲಂಟಾನ. ಕಡಿದರೆ ಬುಡದಿಂದ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಸುಟ್ಟರೂ ಅಷ್ಟೇ, ಜೊತೆಗೆ ಪಕ್ಕದ ಸ್ಥಳೀಯ ಸಸಿಗಳು ಸಾಯುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಪ್ರಯೋಗಿಸಿದ ಬುಡ ಕತ್ತರಿಸುವ ವಿಧಾನ ಇಲ್ಲಿಗೂ ಹೊಂದುತ್ತದೆ. ಲಂಟಾನದ ಕಾಂಡ ಮತ್ತು ಬೇರು ಸೇರುವ ಕಡೆ ಒಂದು ಗಂಟು ಇರುತ್ತದೆ. ಚಿಗುರುವ ಮೊಗ್ಗುಗಳೆಲ್ಲ ಅಲ್ಲೇ ಇವೆ. ಮಣ್ಣಿನ ಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ, ಆ ಗಂಟಿನ ಅಡಿಯಲ್ಲಿ, ತಾಯಿಬೇರನ್ನು ಗುದ್ದಲಿಯ ಏಟಿಗೆ ತುಂಡರಿಸಬೇಕು. ಕೆಲಸ ಮಾಡುವವರು ಪೊದೆಗೆ ಬೆನ್ನು ಮಾಡಿ ನಿಂತು, ಕಾಲುಗಳ ನಡುವಿನ ಬುಡಕ್ಕೆ ಗುದ್ದಲಿ ಹಾಕಿದರೆ ಮುಳ್ಳು ಮುಖಕ್ಕೆ ಬಡಿಯುವುದಿಲ್ಲ, ಏಟೂ ಸರಿಯಾದ ಕೋನಕ್ಕೆ ಬೀಳುತ್ತದೆ. ಗುಂಡಿ ತೋಡುವ ಅಗತ್ಯವಿಲ್ಲ. ಕಿತ್ತ ಪೊದೆಯನ್ನು ಅಲ್ಲೇ ತಲೆಕೆಳಗು ಮಾಡಿ, ಬೇರು ಆಕಾಶ ನೋಡುವಂತೆ ಒಣಗಲು ಬಿಡಿ. ಒದ್ದೆ ಮಣ್ಣಿಗೆ ತಾಗಿದ ಕೊಂಬೆ ಗೆಣ್ಣಿನಲ್ಲಿ ಬೇರು ಬಿಟ್ಟು ಮತ್ತೆ ಗಿಡವಾಗುತ್ತದೆ. ಸಾಮಾನ್ಯವಾಗಿ ಕೆಲಸ ಕೆಡುವುದು ಎರಡು ಕಡೆ: ಏಟು ಗಂಟಿನ ಮೇಲೆ ಬೀಳುತ್ತದೆ, ಇಲ್ಲವೆ ಪೊದೆಯ ನಡುವಿನ ದೊಡ್ಡ ಬುಡ ತೆಗೆದು, ಬಾಗಿದ ಕೊಂಬೆಗಳು ಸುತ್ತ ಬೇರೂರಿ ಆದ ಮರಿಬುಡಗಳು ಹಾಗೇ ಉಳಿಯುತ್ತವೆ. ಕೊಂಬೆ ಎತ್ತಿ ಎತ್ತಿ ನೋಡಿ. ಹಕ್ಕಿ ಕೂರುವ ಮರ, ಬಂಡೆ, ಬೇಲಿಕಂಬಗಳ ಅಡಿ ಪ್ರತಿ ವರ್ಷ ಹೊಸ ಸಸಿಗಳು ಸಿಗುತ್ತವೆ, ಪಿಕಳಾರಗಳೇ ಅವನ್ನು ಬಿತ್ತುವುದು. ಕೈಗವಸು ಇರಲಿ. ದನಗಳಿಗೆ ಈ ಎಲೆ ವಿಷ, ಕಿತ್ತದ್ದನ್ನು ಕೊಟ್ಟಿಗೆಯ ಹತ್ತಿರ ರಾಶಿ ಹಾಕಬೇಡಿ.

ಯುಪಟೋರಿಯಂ ಹಗುರ ಬೇರಿನ ಗಿಡ. ಮಳೆಗಾಲದ ಹಸಿ ಮಣ್ಣಿನಲ್ಲಿ ಬುಡ ಹಿಡಿದು ನೇರಕ್ಕೆ ಎಳೆದರೆ ಕಿತ್ತು ಬರುತ್ತದೆ, ಬೇಸಿಗೆಯಲ್ಲಿ ಎಳೆದರೆ ಕಾಂಡ ಮುರಿದು ಬುಡ ಉಳಿಯುತ್ತದೆ. ಚಳಿಗಾಲದಲ್ಲಿ ಹೂ ಬಿಟ್ಟು, ಬೇಸಿಗೆ ಹೊತ್ತಿಗೆ ನಯವಾದ ತುಪ್ಪಳದ ಬೀಜ ಗಾಳಿಗೆ ಬಿಡುತ್ತದೆ. ಹೂವಿಗೆ ಮೊದಲು ತೆಗೆದರೆ ಮಾತ್ರ ಲಾಭ. ಬೀಜ ಕಟ್ಟಿದ ಮೇಲೆ ಅದನ್ನು ಎಳೆದಾಡುವುದೆಂದರೆ ನಾವೇ ಬಿತ್ತಿದಂತೆ.

ಮರಗಳದ್ದು ನಿಧಾನವಾಗಿ ಹೇಳಬೇಕಾದ ವಿಷಯ. ಕುದುರೆಮುಖದ ಕಡೆ ಹುಲ್ಲುಗಾವಲುಗಳಿಗೆ ಅಕೇಶಿಯಾ ನೆಟ್ಟದ್ದು ಹಸಿರು ಹೆಚ್ಚಿಸುವ ಒಳ್ಳೆಯ ಉದ್ದೇಶದಿಂದಲೇ. ಹುಲ್ಲುಗಾವಲನ್ನು ಖಾಲಿ ನೆಲ ಎಂದು ತಿಳಿದದ್ದೇ ತಪ್ಪು. ತಮಿಳುನಾಡಿನ ಪಳನಿ ಬೆಟ್ಟಗಳಲ್ಲಿ 1973ರಿಂದ 2014ರ ನಡುವೆ ಮೂರನೇ ಎರಡರಷ್ಟು ಹುಲ್ಲುಗಾವಲು ಕಳೆದುಹೋಯಿತು, ಅದರ ಬಹುಭಾಗ ವಾಟಲ್ (ಅಕೇಶಿಯಾದ ಬಂಧು), ಪೈನ್, ನೀಲಗಿರಿಗಳ ಕಾಡಾಯಿತು.

ಅಕೇಶಿಯಾ ಮರವನ್ನು ನೆಲಕ್ಕೆ ಒತ್ತಿ ಕಡಿದರೆ, ಅದರಲ್ಲೂ ಬಲಿತ ಮರವಾದರೆ, ಚಿಗುರುವುದು ಕಡಿಮೆ. ಸೊಂಟದೆತ್ತರಕ್ಕೆ ಮೋಟು ಬಿಟ್ಟರೆ ಚೆನ್ನಾಗಿ ಚಿಗುರುತ್ತದೆ. ನೀಲಗಿರಿ ಹೇಗೆ ಕಡಿದರೂ ಚಿಗುರುತ್ತದೆ. ಚಿಗುರು ಮೊಣಕಾಲೆತ್ತರ ದಾಟುವ ಮೊದಲೇ ಬುಡದಿಂದ ಸೀಳಿ ತೆಗೆಯುತ್ತ ಇರಬೇಕು, ಬೇರಿನ ದಾಸ್ತಾನು ಮುಗಿಯುವವರೆಗೆ ಬೇರೆ ದಾರಿಯಿಲ್ಲ. ಮರ ಉರುಳಿಸುವುದು ಅಪಾಯವಾದ ಕಡೆ, ಅಥವಾ ಉರುಳಿದರೆ ಕೆಳಗಿನ ಶೋಲಾ ಸಸಿಗಳು ಜಜ್ಜಿಹೋಗುವ ಕಡೆ, ತೊಗಟೆ ಉಂಗುರ ತೆಗೆಯಬಹುದು. ಎದೆಯೆತ್ತರದಲ್ಲಿ 30 ಸೆಂಟಿಮೀಟರ್ ಅಗಲಕ್ಕೆ ಸುತ್ತಲೂ ತೊಗಟೆ ಕಿತ್ತು, ಅದರಡಿಯ ಜಾರುವ ಹಸಿ ಪದರವನ್ನು ಕತ್ತಿಯ ಬೆನ್ನಿನಿಂದ ಬಿಳಿ ಮರ ಕಾಣುವವರೆಗೆ ಕೆರೆಯಬೇಕು. ಬೆರಳಗಲದ ಹಸಿ ಪಟ್ಟಿ ಉಳಿದರೂ ಸಾಕು, ಅದರ ಮೂಲಕ ರಸ ಹರಿದು ಗಾಯ ಮುಚ್ಚಿ ಮರ ಬದುಕಿಕೊಳ್ಳುತ್ತದೆ. ಕಾಂಡ ಸೀಳಾಗಿ, ಮಡಿಕೆಯಾಗಿ ಇರುವಲ್ಲಿ ಈ ತಪ್ಪು ಹೆಚ್ಚು. ಉಂಗುರದ ಕೆಳಗಿನಿಂದ ಬರುವ ಚಿಗುರನ್ನು ತಿಂಗಳಿಗೊಮ್ಮೆ ಉಜ್ಜಿ ಹಾಕಿ. ನಿಂತೇ ಒಣಗುವ ಮರದ ಕೊಂಬೆಗಳು ಯಾವಾಗ ಬೇಕಾದರೂ ಬೀಳುತ್ತವೆ, ಆದ್ದರಿಂದ ಚಾರಣದ ದಾರಿ, ಕೂಲಿ ಲೈನು, ವಿದ್ಯುತ್ ತಂತಿಗಳ ಹತ್ತಿರ ಉಂಗುರ ಬೇಡವೇ ಬೇಡ.

ಒಂದು ವಿಷಯದಲ್ಲಿ ಅವಸರ ಮಾಡಬಾರದು. ಏಣಿನ ಮೇಲಿನ ಹುಲ್ಲುಗಾವಲಿಗೆ ಬಿದ್ದ ಅಕೇಶಿಯಾವನ್ನು ಬೇಗ ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಶೋಲಾದ ಅಂಚಿಗೆ ಹತ್ತಿಕೊಂಡಿರುವ ಹಳೆಯ ಮರಗಳ ನೆರಳಿನಲ್ಲಿ ಮಾತ್ರ ಬಗ್ಗಿ ನೋಡಿ: ನೇರಳೆ ಜಾತಿಯ, ದಾಲ್ಚಿನ್ನಿ ಜಾತಿಯ ಸಸಿಗಳು ಎದ್ದಿರುತ್ತವೆ. ಹಕ್ಕಿಗಳು ತಂದ ಬೀಜಕ್ಕೆ ಆ ನೆರಳೇ ತೊಟ್ಟಿಲು. ಒಂದೇ ಸಲ ಬಿಸಿಲಿಗೆ ಬಿಚ್ಚಿಟ್ಟರೆ ಅವು ಒಣಗುತ್ತವೆ, ಅಕೇಶಿಯಾದ ಬೀಜ ಮೊಳೆಯುತ್ತದೆ. ಅಂಥ ಕಡೆ ಮೂರು ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಮರ ಬಿಡಿಸುತ್ತ, ಸಸಿ ಬಲಿತಂತೆ ಬೆಳಕು ಕೊಡುತ್ತ ಹೋಗಿ. ಅಕೇಶಿಯಾ, ವಾಟಲ್‌ಗಳ ಗಟ್ಟಿ ಸಿಪ್ಪೆಯ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಬೆಂಕಿಯ ಬಿಸಿ ತಾಗಿದರೆ ಒಟ್ಟಿಗೆ ಎದ್ದು ಬರುತ್ತದೆ. ಕಡಿದ ರೆಂಬೆಗಳನ್ನು ಅಲ್ಲೇ ಸುಡಬೇಡಿ ಎನ್ನುವುದು ಇದಕ್ಕೇ. ಇಳಿಜಾರಿಗೆ ಅಡ್ಡವಾಗಿ ಸಾಲಾಗಿ ಹಾಕಿದರೆ ಮಣ್ಣೂ ನಿಲ್ಲುತ್ತದೆ. ಆದರೆ ಜನವರಿಯೊಳಗೆ ಸುತ್ತ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ಸವರಿದ ಪಟ್ಟಿ, ಆಗಲೇಬೇಕು.

ತಿಂಗಳುಗಳ ಲೆಕ್ಕ ಹೀಗಿದೆ. ಜೋರು ಮಳೆ ನಿಂತು ಮಣ್ಣಿನಲ್ಲಿ ಪಸೆ ಇರುವ ಅಕ್ಟೋಬರ್, ನವೆಂಬರ್‌ನಲ್ಲಿ ಲಂಟಾನ ಕೀಳಿ. ಮೇ, ಜೂನ್‌ನಲ್ಲಿ ಕಿತ್ತರೆ ತೆರೆದ ನೆಲಕ್ಕೆ ನೇರವಾಗಿ ಮುಂಗಾರು ಬಡಿಯುತ್ತದೆ, ಮಲೆನಾಡಿನ ಇಳಿಜಾರು ಅದನ್ನು ತಡೆಯದು. ಡಿಸೆಂಬರ್, ಜನವರಿಯಲ್ಲಿ ಅದೇ ಬೆಟ್ಟದ, ಅದೇ ಎತ್ತರದ ಹುಲ್ಲು ಬೀಜ ಬಲಿತಾಗ ತೆನೆಸಹಿತ ಕೊಯ್ದು ನೆರಳಲ್ಲಿ ಒಣಗಿಸಿ, ಗೋಣಿಚೀಲದಲ್ಲಿಡಿ. ಒಂದು ಜಾಗದ ಮೂರನೇ ಒಂದಕ್ಕಿಂತ ಹೆಚ್ಚು ಕೊಯ್ಯಬೇಡಿ. ಮೇ ಕೊನೆಯಲ್ಲಿ ಆ ಕರಡವನ್ನೇ, ನಡುನಡುವೆ ಮಣ್ಣು ಕಾಣುವಷ್ಟು ತೆಳ್ಳಗೆ, ತೆರವಾದ ಜಾಗಕ್ಕೆ ಹರಡಿದರೆ ಬೀಜವೂ ಬಿತ್ತು, ಮಣ್ಣಿಗೆ ಹೊದಿಕೆಯೂ ಆಯಿತು. ದಪ್ಪ ಹಾಕಿದರೆ ಕೊಳೆತು ಮೊಳಕೆ ಸಾಯುತ್ತದೆ. ಕಡಿದಾದ ಕಡೆ ಬೀಜ ನಿಲ್ಲುವುದಿಲ್ಲ, ಅಲ್ಲಿ ಜೂನ್ ನಡುವಿನಿಂದ ಬುಡ ಸೀಳಿದ ಹುಲ್ಲು ನೆಡಬೇಕು. ಮೂರರಿಂದ ಐದು ಕುಡಿಗಳ ಒಂದೊಂದು ಕಂತೆ, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, 30 ಸೆಂಟಿಮೀಟರ್ ಅಂತರದಲ್ಲಿ, ಒಂದು ಸಾಲಿನ ಕಂತೆ ಮುಂದಿನ ಸಾಲಿನ ಸಂದಿಗೆ ಬರುವಂತೆ. ಗುಂಟೆಗೆ ಸುಮಾರು 1,100 ಕಂತೆ ಬೇಕಾಗುತ್ತದೆ. ಈ ಸಂಖ್ಯೆಯನ್ನು ಮೊದಲೇ ಲೆಕ್ಕ ಹಾಕಿಕೊಂಡರೆ, ಎಷ್ಟು ಗುಂಟೆಯ ಕಳೆ ಕೀಳಬಹುದು ಎಂಬುದೂ ತಾನಾಗಿ ತಿಳಿಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮತ್ತೆ ಬಂದು, ಹಸಿ ಮಣ್ಣಿನಿಂದ ಕಳೆಯ ಎಳೆ ಸಸಿಗಳನ್ನು ಕೈಯಿಂದ ಕೀಳಬೇಕು. ಇದನ್ನು ತಪ್ಪಿಸಿದರೆ ಹಿಂದಿನ ಅಷ್ಟೂ ಕೂಲಿ ದಂಡ.

ಕೀಟಗಳಿಂದ ಕಳೆ ನಿಯಂತ್ರಣದ ಬಗ್ಗೆ ಸಂಕ್ಷೇಪವಾಗಿ. ಹವಾಯಿಯಲ್ಲಿ 1902ರಲ್ಲೇ ಲಂಟಾನದ ಮೇಲೆ ಕೀಟ ಬಿಟ್ಟರು, ಭಾರತಕ್ಕೆ 1941ರಲ್ಲಿ ಅದರ ಎಲೆತಿಗಣೆ ಬಂತು. ಎಲೆ ಉದುರಿಸುತ್ತದೆ, ಪೊದೆ ಸಾಯುವುದಿಲ್ಲ. ಕಾಂಗ್ರೆಸ್ ಗಿಡಕ್ಕೆ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ದುಂಬಿ ಮಳೆಗಾಲದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಗಿರಿಯ ಕಳೆಗಳಿಗೆ ಸದ್ಯ ಕೈಕೆಲಸವೇ ಗತಿ.

ಹೋಂಸ್ಟೇಯವರಿಗೆ ಒಂದು ಮಾತು, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಟಹೀಟಿ ದ್ವೀಪಕ್ಕೆ ಮೈಕೋನಿಯಾ ಮರ 1937ರಲ್ಲಿ ಅಲಂಕಾರದ ಗಿಡವಾಗಿ ಬಂತು, ಈಗ ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿದೆ. ಹಳದಿ ಹೂವಿನ ಸಿಂಗಪುರ ಡೈಸಿ, ಮೆಕ್ಸಿಕೋ ಸೂರ್ಯಕಾಂತಿ, ಫೌಂಟನ್ ಹುಲ್ಲು ಇವನ್ನು ಗಿರಿಯ ರಸ್ತೆಯಲ್ಲಿ ನೆಡಬೇಡಿ, ಇದ್ದರೆ ಈ ವರ್ಷವೇ ತೆಗೆಯಿರಿ. ಕತ್ತರಿಸಿದ ಬಳ್ಳಿಯನ್ನು ಹಳ್ಳಕ್ಕೆ ಎಸೆಯಬೇಡಿ. ಕೆಳಗಿನ ಕಳೆಯ ನೆಲದಲ್ಲಿ ಕೆಲಸ ಮಾಡಿದ ಜೆಸಿಬಿ ಮೇಲೆ ಬರುವ ಮೊದಲು ಅದರ ಬಕೆಟ್, ಚೈನು ತೊಳೆಸಿ. ಚಾರಣಿಗರು ಬೂಟಿನ ಅಡಿ, ಪ್ಯಾಂಟಿನ ಮಡಿಕೆ, ಚೀಲದ ಪಟ್ಟಿಗಳನ್ನು ಬೆಟ್ಟದ ಬುಡದಲ್ಲೇ ಬ್ರಷ್ ಮಾಡಿ ಹತ್ತಲಿ. ಬೀಜದುಂಡೆಗಳನ್ನು ಹುಲ್ಲುಗಾವಲಿಗೆ ಎಸೆಯುವ ಕಾರ್ಯಕ್ರಮಗಳನ್ನೂ ನಿಲ್ಲಿಸಬೇಕು. ಹುಲ್ಲಿನ ನೆಲಕ್ಕೆ ಮರದ ಬೀಜ ಬೇಕಿಲ್ಲ, ಸ್ಥಳೀಯ ಮರದ್ದಾದರೂ ಬೇಕಿಲ್ಲ.

ಕೊನೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇವೆ.

ಕಳೆನಾಶಕ ಹೊಡೆದರೆ ಬೇಗ ಮುಗಿಯುವುದಿಲ್ಲವೇ? ಗಲಾಪಗೋಸ್‌ನಲ್ಲಿ ಕಳೆಯಾಗಿ ಹರಡಿದ ಸಿಂಕೋನಾ ಮರಕ್ಕೆ ಕಾಂಡದಲ್ಲಿ ಕತ್ತಿಯ ಗೀರು ಹಾಕಿ, ಆ ಗೀರಿಗೆ ಮಾತ್ರ ಔಷಧಿ ಬಿಡುತ್ತಾರೆ, ಗಾಳಿಯಲ್ಲಿ ಸಿಂಪಡಿಸುವುದಿಲ್ಲ. ತರಬೇತಾದ ಕೈಯಲ್ಲಿ ಅದು ಪರಿಣಾಮಕಾರಿ. ನಮ್ಮ ಗಿರಿಯ ಮಾತು ಬೇರೆ. ವೇದಾ, ಅವತಿ ಹುಟ್ಟುವುದು ಇಲ್ಲೇ, ಜನ ಕುಡಿಯುವ ನೀರಿನ ಝರಿಗಳಿವೆ. ಪೊದೆಗೆ ಸಿಂಪಡಿಸಿದ ಗ್ಲೈಫೋಸೇಟ್ ಎಂಬ ಕಳೆನಾಶಕ ಅದರಡಿಯ ಹುಲ್ಲನ್ನೂ ಕೊಲ್ಲುತ್ತದೆ, ಅಂದರೆ ಜಾಗ ತುಂಬಬೇಕಾದವರನ್ನೇ ತೆಗೆದಂತೆ. 2022ರಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ನಿರ್ಬಂಧಿಸಿ ಆದೇಶವನ್ನೂ ಹೊರಡಿಸಿದೆ. ನಮ್ಮ ಸಲಹೆ ಸ್ಪಷ್ಟ: ಝರಿಯ ಮೇಲ್ಭಾಗದಲ್ಲಿ ಬೇಡ.

ಲಂಟಾನದಿಂದ ಪೀಠೋಪಕರಣ ಮಾಡಿದರೆ ಅದೇ ಖರ್ಚಾಗುತ್ತದಲ್ಲ? ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಕಾಂಡ ಬೇಯಿಸಿ, ಸಿಪ್ಪೆ ಸುಲಿದು, ಬಿದಿರಿನ ಬದಲಿಗೆ ಬಳಸಿ ಅಂದವಾದ ಕುರ್ಚಿ, ಬುಟ್ಟಿ ಮಾಡುತ್ತಾರೆ. ಜೀವನೋಪಾಯವಾಗಿ ಅದು ಬೆಲೆಬಾಳುವ ಕೆಲಸ. ಆದರೆ ಕಾಂಡ ಕೊಯ್ದ ಬುಡ ಮತ್ತೆ ಚಿಗುರುತ್ತದೆ. ಕೊಯ್ಲಿನ ಹಿಂದೆಯೇ ಬುಡ ಕತ್ತರಿಸುವ ಒಪ್ಪಂದ ಇದ್ದರೆ ಮಾತ್ರ ಅದನ್ನು ನಿಯಂತ್ರಣ ಎನ್ನಬಹುದು.

ಲಂಟಾನ ತೆಗೆದರೆ ಹಕ್ಕಿ, ಚಿಟ್ಟೆಗಳ ಆಹಾರ ತಪ್ಪುವುದಿಲ್ಲವೇ? ಇಡೀ ಇಳಿಜಾರನ್ನು ಒಂದೇ ವರ್ಷ ಬೋಳಿಸಿದರೆ ತಪ್ಪುತ್ತದೆ. ನಾಲ್ಕು ಗುಂಟೆಯ ಲೆಕ್ಕದಲ್ಲಿ ಹೋದರೆ, ಪಕ್ಕದ ಚೌಕದಲ್ಲಿ ಮೆಳೆ ಇನ್ನೂ ಇರುವಾಗಲೇ ಇಲ್ಲಿ ಹುಲ್ಲು, ಹೂಗಿಡ ಬಂದಿರುತ್ತವೆ.

ನನ್ನ ತೋಟದ ಮೇಲಂಚಿನಲ್ಲಿ ಅಕೇಶಿಯಾ, ಸಿಲ್ವರ್ ಓಕ್ ಎರಡೂ ಇವೆ, ಆಚೆ ಹುಲ್ಲುಗಾವಲು. ಎಲ್ಲಿಂದ ಶುರುಮಾಡಲಿ? ಮರಗಳಿಂದ ಬೇಡ. ಹುಲ್ಲಿನೊಳಗೆ ಅತಿ ದೂರ, ಅತಿ ಮೇಲೆ ಬಿದ್ದು ಮೊಳೆತ ಸಸಿಯನ್ನು ಮೊದಲು ಹುಡುಕಿ ಕೀಳಿ, ಅಲ್ಲಿಂದ ಕೆಳಗೆ ತೋಟದ ಕಡೆಗೆ ಬನ್ನಿ. ಮಳೆಗಾಲದಲ್ಲಿ ಮೊಣಕಾಲೆತ್ತರದವರೆಗಿನ ಸಸಿ ಬೇರುಸಹಿತ ಬರುತ್ತದೆ, ಅದಕ್ಕಿಂತ ದೊಡ್ಡದಕ್ಕೆ ಹಾರೆ ಬೇಕು. ಹುಲ್ಲು ಪೂರ್ತಿ ಚೊಕ್ಕವಾದ ಮೇಲೆ ಅಂಚಿನ ಸಾಲಿನ ಬೀಜ ಬಿಡುವ ಅಕೇಶಿಯಾಗಳನ್ನು ಕಡಿದು, ಆ ಜಾಗಕ್ಕೆ ನೆರಳಿಗೆ ಅತ್ತಿ, ಹಲಸು ಇಲ್ಲವೆ ನಿಮ್ಮ ಶೋಲಾದ್ದೇ ನೇರಳೆ ನೆಡಿ. ನೇರಳೆ ಬೀಜ ಒಣಗಿದರೆ ಸಾಯುತ್ತದೆ, ಹಣ್ಣು ಬಿದ್ದ ವಾರದೊಳಗೆ ಪಾತಿಗೆ ಹಾಕಿ.